ಸುನಾಮಿ ಇಳಿದ ಮೇಲೆ ಎಣಿಸಲು ಇಳಿದವರು

ನಮಸ್ಕಾರ. ಮೈಸೂರಿಗೂ ಸಮುದ್ರಕ್ಕೂ ದೂರ. ಆದರೂ ಇವತ್ತು ಕಡಲಡಿಯ ವಿಷಯ ಮಾತಾಡಬೇಕು ಅನ್ನಿಸಿದೆ. ಕಾವೇರಿ ನೀರು ಕುಡಿಯುವ ನಮಗೆ ಇದು ಬೇಕಾದ ವಿಷಯವೇ.

2011ರ ಮಾರ್ಚ್ 11. ಜಪಾನಿನ ಈಶಾನ್ಯ ಕರಾವಳಿಯಾಚೆ 9.0 ತೀವ್ರತೆಯ ಭೂಕಂಪ, ಹಿಂದೆಯೇ ಸುನಾಮಿ. ಸಾನ್ರಿಕು ಅನ್ನುವ ಬಂಡೆಗಲ್ಲಿನ ತೀರದಲ್ಲಿ ನೀರು ಕೆಲವು ಕಡೆ ಸುಮಾರು 40 ಮೀಟರ್ ಎತ್ತರಕ್ಕೆ ಏರಿತು. ಓಶಿಕಾ ಪರ್ಯಾಯ ದ್ವೀಪದಲ್ಲಿ ನೆಲವೇ ಒಂದು ಮೀಟರಿಗಿಂತ ಜಾಸ್ತಿ ಕುಸಿಯಿತು. ಊರಿಗೆ ಊರೇ ಕೊಚ್ಚಿಹೋದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ನೀರಿನೊಳಗೆ ಏನಾಯಿತು?

ಆ ಬಂಡೆಗಳ ಮೇಲೊಂದು ಕಾಡಿದೆ. ಕೆಲ್ಪ್, ಅಂದರೆ ದೊಡ್ಡ ಜಾತಿಯ ಕಡಲಪಾಚಿ. ಅರಾಮೆ, ಕೊಂಬು, ವಕಾಮೆ ಎಲ್ಲ ಇದೇ ಬಳಗ. ಇದಕ್ಕೆ ಬೇರಿಲ್ಲ, ಬುಡದಿಂದ ಕಲ್ಲನ್ನು ಬಿಗಿಯಾಗಿ ಹಿಡಿದು ನಿಲ್ಲುತ್ತದೆ. ಅದನ್ನು ಮೇಯುವ ಪ್ರಾಣಿ ಸೀ ಅರ್ಚಿನ್. ಮೈತುಂಬ ಮುಳ್ಳು, ಮುಷ್ಟಿಯಷ್ಟು ಗಾತ್ರದ ಉಂಡೆ. ಮಗುಚಿ ನೋಡಿದರೆ ಅಡಿಯಲ್ಲಿ ಬಾಯಿ, ಬಾಯಲ್ಲಿ ಐದು ಹಲ್ಲು. ಐದೂ ಒಟ್ಟಿಗೆ ಸೇರಿ, ಕಾಯಿ ತುರಿದ ಹಾಗೆ ಕಲ್ಲಿನ ಮೇಲಿನ ಪಾಚಿಯನ್ನು ಕೆರೆದು ತೆಗೆಯುತ್ತವೆ. ಮಿತಿಯಲ್ಲಿದ್ದರೆ ತೊಂದರೆ ಇಲ್ಲ. ಜಾಸ್ತಿಯಾದರೆ ಕಾಡು ಬೋಳು. ಬೋಳಾದ ಮೇಲೂ ಅವು ಸಾಯುವುದಿಲ್ಲ ನೋಡಿ. ಹಸಿದುಕೊಂಡೇ ವರ್ಷಗಟ್ಟಲೆ ಬದುಕುತ್ತವೆ, ಹೊಸ ಚಿಗುರು ಬಂದರೆ ಅದನ್ನೂ ಮುಗಿಸುತ್ತವೆ. ಹೊಟ್ಟೆಗಿಲ್ಲದ ಅರ್ಚಿನ್‌ಗೆ ಒಳಗೆ ತಿರುಳಿರುವುದಿಲ್ಲ. ಮೀನುಗಾರರು ಮಾರುವುದು ಆ ತಿರುಳನ್ನೇ. ಹಾಗಾಗಿ ಪಾಚಿಯೂ ಇಲ್ಲ, ಸಂಪಾದನೆಯೂ ಇಲ್ಲ.

ಸುನಾಮಿ ಆದ ಮೇಲೆ ಸಂಶೋಧಕರು ನೀರಿಗಿಳಿದು ಎಣಿಸಿದರು. ಓಟ್ಸುಚಿಯಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಕಡಲ ಸಂಶೋಧನಾ ಕೇಂದ್ರಕ್ಕೇ ಮೂರನೇ ಮಹಡಿವರೆಗೆ ನೀರು ನುಗ್ಗಿತ್ತು. ಆದರೂ ಕೆಲಸ ನಿಲ್ಲಲಿಲ್ಲ. ಕಲ್ಲಿನ ಮೇಲೆ ಒಂದು ಚೌಕಟ್ಟು ಇಡಬೇಕು. ಪಾಚಿ ಸರಿಸಬೇಕು. ಅದರೊಳಗೆ ಸಿಕ್ಕ ಅರ್ಚಿನ್ ಎಣಿಸಬೇಕು, ಒಂದೊಂದರ ಅಗಲ ಅಳೆಯಬೇಕು. ಅಗಲ ಗೊತ್ತಾದರೆ ಅದು ಸುನಾಮಿಗೆ ಮೊದಲು ಹುಟ್ಟಿದ್ದೋ ಆಮೇಲೆ ಹುಟ್ಟಿದ್ದೋ ಅಂತ ಅಂದಾಜು ಸಿಗುತ್ತದೆ. ತಣ್ಣನೆ ನೀರು, ಅಲೆಯ ಎಳೆತ. ಸುಮ್ನೆ ಮಾತಲ್ಲ ಅದು.

ಮೊದಲು ಕಂಡದ್ದು ಅಚ್ಚರಿ. ಹಲವು ಕಡೆ ಅರಾಮೆ ಕಾಡು ಬಹುಪಾಲು ಉಳಿದಿತ್ತು. ಅರ್ಚಿನ್‌ಗಳು ಮತ್ತು ಅಬಲೋನಿ ಅನ್ನುವ ಚಿಪ್ಪುಜೀವಿಯ ಮರಿಗಳು ಮಾತ್ರ ಭಾರಿ ಸಂಖ್ಯೆಯಲ್ಲಿ ಹೋಗಿದ್ದವು. ಮೇಯುವವರು ಕಡಿಮೆಯಾದ ಕಡೆ ಪಾಚಿ ಹರಡಿತು. ಅಲ್ಲಿಗೇ ನಿಲ್ಲಿಸಿದ್ದರೆ, ಕಡಲು ಚೇತರಿಸಿಕೊಂಡಿತು ಅಂತ ವರದಿ ಬರೆದು ಮುಗಿಸಬಹುದಿತ್ತು. ಆದರೆ ಸುನಾಮಿಯ ನಂತರ ಹುಟ್ಟಿದ ಅರ್ಚಿನ್ ಮರಿಗಳು ಬೆಳೆಯುತ್ತಿದ್ದವು. ಕೆಲವೇ ವರ್ಷಗಳಲ್ಲಿ ಅದೇ ತೀರದ ಶಿಜುಗಾವಾ ಕೊಲ್ಲಿಯಲ್ಲಿ ಅವು ತುಂಬಿಕೊಂಡವು, ಕಾಡು ಮತ್ತೆ ಬೋಳಾಗತೊಡಗಿತು.

ಇದು ತಿಳಿದದ್ದು ಎರಡು ಕಾರಣಕ್ಕೆ. ಕೆಲವು ಜಾಗಗಳಲ್ಲಿ ಸುನಾಮಿಗೆ ಮೊದಲೇ ಎಣಿಸಿಟ್ಟ ಲೆಕ್ಕ ಇತ್ತು. ಆಮೇಲೆ ಹತ್ತು ವರ್ಷ ನಡೆಯುವ ಯೋಜನೆಯನ್ನೇ ಮಾಡಿದರು. ನನಗೆ ದೊಡ್ಡದು ಅನ್ನಿಸುವುದು ಮೊದಲನೆಯದು. ಏನೂ ಆಗದ ವರ್ಷಗಳಲ್ಲಿ, ಯಾವ ಕ್ಯಾಮೆರಾವೂ ಇಲ್ಲದಾಗ, ಯಾರೋ ಇಳಿದು ಎಣಿಸಿದ್ದರು.

ಈಗ ನಮ್ಮ ಕಡೆಗೆ ಬನ್ನಿ. ಕೆಆರ್‌ಎಸ್ ಇವತ್ತು ಎಷ್ಟು ಅಡಿ ಅಂತ ಮಂಡ್ಯದ ರೈತರನ್ನು ಕೇಳಿ, ತಟ್ಟನೆ ಹೇಳುತ್ತಾರೆ. ಅಣೆಕಟ್ಟು ತುಂಬುವ ಮಟ್ಟ 124.80 ಅಡಿ ಅನ್ನುವುದು ಎಲ್ಲರ ಬಾಯಲ್ಲೂ ಇದೆ. ಒಳಹರಿವು, ಹೊರಹರಿವು ದಿನಾ ಪತ್ರಿಕೆಯಲ್ಲಿ ಬರುತ್ತದೆ. ನೀರಿಗೆ ಇಷ್ಟು ಲೆಕ್ಕ ಇಡುವ ನಾವು, ಆ ನೀರಲ್ಲಿರುವ ಜೀವಕ್ಕೂ ಇಡಬೇಕಲ್ವಾ?

ಕಾವೇರಿಯ ಡುಬ್ಬದ ಮಹಶೀರ್ ಮೀನನ್ನೇ ನೋಡಿ. 2018ರಲ್ಲಿ ಅದು ಅಳಿವಿನ ಅಂಚಿನ ಪಟ್ಟಿಗೆ ಸೇರಿತು. ಅದು ಇಳಿಮುಖವಾಗಿದ್ದು ಗೊತ್ತಾದದ್ದರಲ್ಲಿ ಕಾವೇರಿ ದಂಡೆಯ ಗಾಲಿಬೋರೆ ಶಿಬಿರದ ದಾಖಲೆಯ ಪಾಲು ದೊಡ್ಡದು. ಗಾಳ ಹಾಕಿ ಹಿಡಿದು ಮತ್ತೆ ಬಿಟ್ಟ ಮೀನುಗಳನ್ನು ಅಲ್ಲಿ 1998ರಿಂದ 2012ರವರೆಗೆ ಬರೆದಿಟ್ಟಿದ್ದರು. ಹವ್ಯಾಸಿಗಳ ಆ ಪುಸ್ತಕ ಇಲ್ಲದಿದ್ದರೆ ನಾವು ಏನು ಕಳೆದುಕೊಂಡೆವು ಅನ್ನುವುದೇ ಸರಿಯಾಗಿ ತಿಳಿಯುತ್ತಿರಲಿಲ್ಲ.

2018 ಮತ್ತು 2019ರಲ್ಲಿ ಕೆಆರ್‌ಎಸ್‌ನಿಂದ ಭಾರಿ ನೀರು ಬಿಟ್ಟಾಗ ರಂಗನತಿಟ್ಟಿನ ನಡುಗಡ್ಡೆಗಳು ಮುಳುಗಿದವು. ಅಲ್ಲಿ ಹಕ್ಕಿ ಎಣಿಸುವವರಿದ್ದಾರೆ, ಅವರ ಬಗ್ಗೆ ನನಗೆ ತುಂಬ ಗೌರವ. ಆ ಹಕ್ಕಿಗಳು ತಿನ್ನುವ ಮೀನು, ಕಲ್ಲಿನಡಿಯ ಹುಳ, ಚಿಪ್ಪುಗಳನ್ನೂ ಅದೇ ಶ್ರದ್ಧೆಯಿಂದ ಎಣಿಸಬೇಕು.

ಪ್ರವಾಹ ಬಂದ ಮೇಲೆ ಸಮಿತಿ ಮಾಡಿದರೆ ಹೋಲಿಸಿ ನೋಡಲು ಕೈಯಲ್ಲಿ ಏನಿರುತ್ತದೆ? ಬಲಮುರಿ, ಪಶ್ಚಿಮವಾಹಿನಿ ಇಂಥ ಕಡೆ ನಾಲ್ಕೈದು ಜಾಗ ಗುರುತು ಮಾಡಿ. ಮೈಸೂರು, ಮಂಡ್ಯದ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳಿಗೆ ಒಂದು ಚೌಕಟ್ಟು, ಒಂದು ಬಲೆ, ಒಂದು ದಪ್ಪ ನೋಟ್‌ಬುಕ್ ಕೊಡಿ. ಸುರಕ್ಷತೆಗೆ ಈಜು ಬಲ್ಲ ಸ್ಥಳೀಯ ಮೀನುಗಾರರು ಜೊತೆಗಿರಲಿ, ಅವರಿಗೆ ಕೂಲಿ ಕೊಡಿ. ಮಳೆಗಾಲ ಕಳೆದು ನೀರು ತಗ್ಗಿದಾಗ, ಪ್ರತಿವರ್ಷ ಅದೇ ತಿಂಗಳು, ಅದೇ ಕಲ್ಲುಗಳ ನಡುವೆ ಎಣಿಸಲಿ. ದುಡ್ಡು ಸ್ವಲ್ಪವೇ ಇರಲಿ, ಹತ್ತು ವರ್ಷಕ್ಕೆ ಈಗಲೇ ಎತ್ತಿಡಿ.