ತೊಳೆಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ

ಫುಡ್ ಪ್ರೊಸೆಸರ್ ಎರಡೇ ನಿಮಿಷದಲ್ಲಿ ತರಕಾರಿ ಹೆಚ್ಚಿಬಿಡುತ್ತೆ. ನಿಜ, ಆದರೆ ಅದನ್ನ ಕಪಾಟಿನಿಂದ ಇಳಿಸಿ ಜೋಡಿಸಬೇಕು. ಆಮೇಲೆ ಬಟ್ಟಲು, ಬ್ಲೇಡು, ಮುಚ್ಚಳ ಎಲ್ಲ ತೊಳೆದು, ಒರೆಸಿ ಮತ್ತೆ ಮೇಲಿಡಬೇಕು. ಆ ಹೊತ್ತನ್ನೂ ಸೇರಿಸಿದರೆ ಎರಡು ಈರುಳ್ಳಿಗೆ ಚಾಕುವೇ ಬೇಗ. ಎರಡು ಕಿಲೋ ತರಕಾರಿ ಇದ್ದರೆ ಮಾತ್ರ ಯಂತ್ರ ಗೆಲ್ಲುತ್ತೆ. ಅಂದರೆ ಮೊದಲು ನೋಡಬೇಕಾದ್ದು ನೀವು ಒಂದು ಸಲಕ್ಕೆ ಎಷ್ಟು ಹೆಚ್ಚುತ್ತೀರಿ ಅನ್ನೋದನ್ನ. ಯಂತ್ರ ಏನೇನು ಮಾಡುತ್ತೆ ಅನ್ನೋದು ಆಮೇಲಿನ ಮಾತು.

ನನ್ನ ಅಭಿಪ್ರಾಯ ಇಷ್ಟು: ಕೈಯಲ್ಲಿ, ಮಾಮೂಲಿ ಪಾತ್ರೆಯಲ್ಲಿ ಆಗದ ಕೆಲಸ ಮಾಡೋ ಯಂತ್ರಕ್ಕೆ ಜಾಗ ಕೊಡಿ. ಅದರ ಸಣ್ಣ ಬಿಡಿಭಾಗಗಳು ಬೇರೆಯಾಗಿ ಸಿಗುತ್ತವಾ ಅಂತ ಕೊಳ್ಳೋ ಮೊದಲೇ ವಿಚಾರಿಸಿ.

ಪ್ರೆಶರ್ ಕುಕ್ಕರ್ ಇದಕ್ಕೆ ಒಳ್ಳೆ ಉದಾಹರಣೆ. ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿಗೆ ಕುದಿಯುತ್ತೆ. ಉರಿ ಎಷ್ಟೇ ಏರಿಸಿದರೂ ಆವಿ ಜಾಸ್ತಿಯಾಗುತ್ತೆ ಹೊರತು ಬಿಸಿ ಏರಲ್ಲ. ಕುಕ್ಕರ್ ಒಳಗೆ ಹೊರಗಿನದಕ್ಕಿಂತ ಚದರ ಇಂಚಿಗೆ 15 ಪೌಂಡ್‌ನಷ್ಟು ಹೆಚ್ಚು ಒತ್ತಡ ಇದ್ದರೆ ನೀರು 120 ಡಿಗ್ರಿ ಹತ್ತಿರ ಕುದಿಯುತ್ತೆ. ಗಟ್ಟಿ ಕಾಳು ಬೇಗ ಬೇಯೋದು ಅದಕ್ಕೇ. ಒತ್ತಡ ಒಮ್ಮೆ ಕಟ್ಟಿಕೊಂಡ ಮೇಲೆ ಉರಿ ಸಣ್ಣ ಮಾಡಿ. ಹೆಚ್ಚಿನ ಉರಿ ವೆಯ್ಟ್ ಎತ್ತಿಕೊಂಡು ಆವಿಯಾಗಿ ಹೊರಗೆ ಹೋಗುತ್ತೆ, ಅಡುಗೆಗೆ ದಕ್ಕಲ್ಲ.

ಕುಕ್ಕರ್ ಕೈಕೊಡೋದು ಹೆಚ್ಚಾಗಿ ರಬ್ಬರ್ ಗ್ಯಾಸ್ಕೆಟ್‌ನಿಂದ. ಬಿಸಿಗೆ ಅದು ಗಟ್ಟಿಯಾಗುತ್ತೆ, ಪಕ್ಕದಿಂದ ಆವಿ ಸೋರುತ್ತೆ, ಒತ್ತಡ ಕಟ್ಟಲ್ಲ, ಒಳಗಿನ ನೀರು ಆರಿ ತಳ ಹಿಡಿಯುತ್ತೆ. ಹೊಸ ಗ್ಯಾಸ್ಕೆಟ್ ಹಾಕಿದರೆ ಸಾಕು, ಕುಕ್ಕರ್ ಎಸೆಯಬೇಕಾಗಿಲ್ಲ. ಆದರೆ ಸೇಫ್ಟಿ ವಾಲ್ವ್ ಒಮ್ಮೆ ಕರಗಿ ತೆರೆದುಕೊಂಡರೆ ಅದೇ ಕಂಪನಿಯ, ಅದೇ ಮಾದರಿಯ ವಾಲ್ವನ್ನೇ ಹಾಕಿಸಿ, ಬೇರೆ ಏನನ್ನೂ ಅಲ್ಲಿ ತುರುಕಬೇಡಿ. ಮುಚ್ಚೋ ಮೊದಲು ವೆಯ್ಟ್ ಕೂರುವ ನಳಿಗೆಯನ್ನ ಬೆಳಕಿಗೆ ಹಿಡಿದು ನೋಡಿ. ಕಾಳಿನ ಸಿಪ್ಪೆ ಸಿಕ್ಕಿಕೊಂಡಿದ್ದರೆ ಅಪಾಯ.

ಮಿಕ್ಸಿಗೂ ಇದೇ ಮಾತು. ಓಡ್ತಾ ಓಡ್ತಾ ನಿಂತುಹೋದರೆ ಮೋಟಾರ್ ಸುಟ್ಟಿತು ಅಂದುಕೊಳ್ಳಬೇಡಿ. ಸ್ವಿಚ್ ಆರಿಸಿ, ಜಾರ್ ಅರ್ಧ ಖಾಲಿ ಮಾಡಿ, ತಣ್ಣಗಾಗೋಕೆ ಬಿಡಿ. ಎಷ್ಟೋ ಮಿಕ್ಸಿಗಳ ತಳದಲ್ಲಿ ಓವರ್‌ಲೋಡ್ ಬಟನ್ ಇರುತ್ತೆ, ಅದನ್ನ ಒತ್ತಿದರೆ ಮತ್ತೆ ಓಡುತ್ತೆ. ಮೋಟಾರ್ ಸದ್ದು ಮಾಡುತ್ತಿದ್ದು ಬ್ಲೇಡ್ ತಿರುಗದಿದ್ದರೆ ಮೊದಲು ಕಪ್ಲರ್ ನೋಡಿ, ಅಂದರೆ ಮೋಟಾರಿನ ತಿರುಗಾಟವನ್ನ ಜಾರ್‌ನ ಬ್ಲೇಡಿಗೆ ಮುಟ್ಟಿಸೋ ಪುಟ್ಟ ಭಾಗ. ಅದು ಸವೆದಿರಬಹುದು. ಕಪ್ಲರ್ ಬೇರೆಯಾಗಿ ಸಿಗದ ಮಿಕ್ಸಿ ಎಷ್ಟೇ ಚೆಂದ ಇದ್ದರೂ ಬೇಡ.

ಏರ್ ಫ್ರೈಯರ್ ಅಂದರೆ ಫ್ಯಾನ್ ಇರುವ ಪುಟ್ಟ ಓವನ್. ಮನೇಲಿ ಕನ್ವೆಕ್ಷನ್ ಓವನ್, ಅಂದರೆ ಫ್ಯಾನ್‌ನಿಂದ ಬಿಸಿ ಗಾಳಿ ಆಡಿಸೋ ಓವನ್ ಇದ್ದರೆ ಇದು ಹೊಸದೇನೂ ಮಾಡಲ್ಲ, ಬೇಗ ಕಾಯುತ್ತೆ ಅಷ್ಟೇ. ಬುಟ್ಟಿಯಲ್ಲಿ ಒಂದೇ ಪದರ ಹರಡಿ. ರಾಶಿ ಹಾಕಿದರೆ ಗಾಳಿ ಆಡಲ್ಲ, ಪದಾರ್ಥದ ತೇವ ಅಲ್ಲೇ ನಿಂತು ಗರಿಗರಿಯಾಗೋ ಬದಲು ಮೆತ್ತಗಾಗುತ್ತೆ. ನಾಲ್ಕು ಜನಕ್ಕೆ ಆಗೋಷ್ಟು ಮಾಡೋಕೆ ಚಿಕ್ಕ ಬುಟ್ಟಿ ತಂದರೆ ಎರಡು ಮೂರು ಸರದಿ ಕಾಯಬೇಕು.

ಇಂಡಕ್ಷನ್ ಒಲೆ ಕೊಳ್ಳೋ ಮೊದಲು ಒಂದು ಆಯಸ್ಕಾಂತ ಹಿಡಿದು ಪಾತ್ರೆಗಳ ತಳ ಪರೀಕ್ಷಿಸಿ. ಅಂಟಿದರೆ ಸರಿ. ಬರೀ ಅಲ್ಯೂಮಿನಿಯಂ, ತಾಮ್ರ ಮಾಮೂಲಿ ಇಂಡಕ್ಷನ್‌ನಲ್ಲಿ ಕಾಯಲ್ಲ. ಅಗ್ಗದ ಒಲೆಗಳು ಸಣ್ಣ ಉರಿಯನ್ನ ಸಮವಾಗಿ ಕೊಡಲ್ಲ, ಪೂರ್ತಿ ಶಕ್ತಿ ಕೊಟ್ಟು ಕೊಟ್ಟು ನಿಲ್ಲಿಸುತ್ತವೆ. ಹಾಲು ಇದ್ದಕ್ಕಿದ್ದಂತೆ ಉಕ್ಕೋದು, ಗಟ್ಟಿ ಸಾರು ಸೀಯೋದು ಇದರಿಂದಲೇ. ಆರಿಸಿದ ಮೇಲೂ ಫ್ಯಾನ್ ತಿರುಗ್ತಿದ್ದರೆ ಪ್ಲಗ್ ಕೀಳಬೇಡಿ, ಒಳಗಿನ ಸರ್ಕ್ಯೂಟ್ ತಣ್ಣಗಾಗಬೇಕು.

ವೈಫೈ ಇರುವ ಫ್ರಿಜ್ ನನ್ನ ಪ್ರಕಾರ ಬೇಡ. ಫ್ರಿಜ್ ಹತ್ತು ವರ್ಷಕ್ಕೂ ಮೀರಿ ಬಾಳಬಹುದು, ಅದರ ಆ್ಯಪ್‌ಗೆ ಅಷ್ಟು ಕಾಲ ಅಪ್‌ಡೇಟ್ ಬರುತ್ತೆ ಅನ್ನೋ ಖಾತ್ರಿ ಇಲ್ಲ. ಅದರ ಬದಲು ಒಳಗೆ ಒಂದು ಥರ್ಮಾಮೀಟರ್ ಇಡಿ. ಫ್ರೀಜರ್ ಬಿಟ್ಟು ಉಳಿದ ಭಾಗದಲ್ಲಿ 4 ಡಿಗ್ರಿ ಮೀರಬಾರದು, ಫ್ರೀಜರ್ ಮೈನಸ್ 18 ಇರಬೇಕು. ಬಾಗಿಲು ಮತ್ತೆ ಮತ್ತೆ ತೆಗೆಯದಿದ್ದರೂ ಬಿಸಿ ಏರ್ತಿದ್ದರೆ ಬಾಗಿಲಿನ ರಬ್ಬರ್‌ಗೆ ಒಂದು ಹಾಳೆ ಸಿಕ್ಕಿಸಿ ಎಳೆದು ನೋಡಿ. ಸಲೀಸಾಗಿ ಜಾರಿ ಬಂದರೆ ಅಲ್ಲಿಂದ ತಂಪು ಸೋರ್ತಿದೆ. ಮೊದಲು ರಬ್ಬರ್ ಒರೆಸಿ ನೋಡಿ, ಅದಕ್ಕೂ ಬಗ್ಗದಿದ್ದರೆ ರಬ್ಬರ್ ಬದಲಾಯಿಸಿ.