ಸಿಮ್, ಥಾತ್, ಚಂಪಾ: ಲಾವೋಸ್‌ನ ಗುಡಿಗಳನ್ನು ಕಿವಿಗೊಟ್ಟು ನೋಡೋಣ

[ತೆರೆ ಕಪ್ಪು. ಮೊದಲು ಶಬ್ದ ಮಾತ್ರ: ದೂರದಲ್ಲಿ ಡೋಲು, ಆಮೇಲೆ ಬರಿಗಾಲಿನ ಹೆಜ್ಜೆ. ನಿಧಾನವಾಗಿ ಬೆಳಕು.]

ಬೆಳಗಿನ ಜಾವ ಐದೂವರೆ. ಊರು ಲುವಾಂಗ್ ಪ್ರಬಾಂಗ್, ಉತ್ತರ ಲಾವೋಸ್.

ರಸ್ತೆ ಬದಿ ಚಾಪೆ ಹಾಸಿ ಮಂಡಿಯೂರಿ ಕೂತಿದ್ದಾರಲ್ಲ, ಈ ಅಜ್ಜಿಯ ಕೈ ನೋಡಿ. ಮಡಿಲಲ್ಲಿ ಬಿದಿರಿನ ಪುಟ್ಟ ಬುಟ್ಟಿ. ಮುಚ್ಚಳ ತೆಗೆದರೆ ಒಳಗೆ ಬಿಸಿ ಬಿಸಿ ಅಂಟು ಅನ್ನ. ಮೂರು ಬೆರಳಲ್ಲಿ ಒಂದು ತುತ್ತು ಕಿತ್ತು, ಎದುರು ಬಂದ ಭಿಕ್ಷುವಿನ ಪಾತ್ರೆಗೆ ಹಾಕುತ್ತಾರೆ. ಅವರು ನಿಲ್ಲುವುದಿಲ್ಲ, ಮಾತಾಡುವುದಿಲ್ಲ. ಹಿಂದೆಯೇ ಇನ್ನೊಬ್ಬರು. ಮತ್ತೆ ಒಂದು ತುತ್ತು. ಅನ್ನ ಬೆರಳಿಗೆ ಅಂಟಿಕೊಂಡರೆ ಸಾಲು ತಪ್ಪುತ್ತದೆ. ಅಜ್ಜಿಯ ಕೈಯಲ್ಲಿ ಅದು ಅಂಟುವುದೇ ಇಲ್ಲ, ನೋಡಿ.

ಈ ಭಿಕ್ಷೆಗೆ ಅವರು ಕರೆಯುವುದು 'ತಾಕ್ ಬಾತ್' ಅಂತ. ಬಾತ್ ಅಂದ ಕೂಡಲೇ ನಮಗೆ ಬಿಸಿಬೇಳೆ ಬಾತ್ ನೆನಪಾಗುತ್ತೆ, ಅಲ್ವಾ? ಅದಲ್ಲ. ಈ ಬಾತ್ ಅಂದರೆ 'ಪಾತ್ರ'. ನಾವು ದಿನಾ ತೊಳೆಯುವ ಪಾತ್ರೆಯೇ ಬೌದ್ಧ ಗ್ರಂಥಗಳ ಪಾಲಿ ಭಾಷೆಯ ದಾರಿ ಹಿಡಿದು ಅಲ್ಲಿಗೆ ಹೋಗಿ, ಬಾಲ ಕಳೆದುಕೊಂಡು ಬಾತ್ ಆಗಿದೆ.

ಇವತ್ತಿನ ಸುತ್ತಾಟ ಹೀಗೇ. ಕಣ್ಣಿಗೆ ಕೆಲಸ ಇದ್ದೇ ಇದೆ. ಜೊತೆಗೆ ಕಿವಿಗೂ ಸ್ವಲ್ಪ ಕೆಲಸ ಕೊಡೋಣ.

[ಶೀರ್ಷಿಕೆ. ನಂತರ ನಕ್ಷೆ: ಉತ್ತರದಿಂದ ದಕ್ಷಿಣಕ್ಕೆ ಮೆಕಾಂಗ್ ನದಿ. ಮೂರು ಚುಕ್ಕೆ: ಲುವಾಂಗ್ ಪ್ರಬಾಂಗ್, ವಿಯಂಟಿಯಾನ್, ಚಂಪಾಸಕ್.]

ಲಾವೋ ಭಾಷೆಗೂ ಕನ್ನಡಕ್ಕೂ ನೆಂಟಸ್ತನ ಇಲ್ಲ. ಅದು ಥಾಯ್ ಭಾಷೆಯ ಒಡಹುಟ್ಟು. ಆದರೆ ಗುಡಿ, ದೇವರು, ರಾಜ, ಹಬ್ಬ ಅಂತ ಬಂದಾಗ ಅವರ ಬಾಯಲ್ಲಿ ಪಾಲಿ ಮತ್ತು ಸಂಸ್ಕೃತದ ಪದಗಳು ಜಾಸ್ತಿ. ಉಚ್ಚಾರ ಮಾತ್ರ ಅವರದು. 'ರ' ಎಷ್ಟೋ ಕಡೆ 'ಲ' ಆಗುತ್ತದೆ. ಪದದ ಕೊನೆಯ 'ಜ' ಬಂದು 'ತ್' ಅಂತ ನಿಲ್ಲುತ್ತದೆ. ಈ ಎರಡು ಸೂತ್ರ ಜೇಬಲ್ಲಿಟ್ಟುಕೊಳ್ಳಿ, ಸಾಕು.

[ಆಕಾಶದಿಂದ ಲುವಾಂಗ್ ಪ್ರಬಾಂಗ್: ಎರಡು ನದಿಗಳ ನಡುವೆ ನಾಲಿಗೆಯಂತೆ ಚಾಚಿದ ಊರು.]

ಒಂದು ಕಡೆ ಮೆಕಾಂಗ್, ಇನ್ನೊಂದು ಕಡೆ ನಾಮ್ ಖಾನ್. 'ನಾಮ್' ಅಂದರೆ ನೀರು, ಇದು ಅಪ್ಪಟ ಅವರದೇ ಪದ. 1353ರಲ್ಲಿ ಫಾ ಙುಮ್ ಎಂಬ ರಾಜ ಇಲ್ಲಿ ಲಾನ್ ಸಾಂಗ್ ರಾಜ್ಯ ಕಟ್ಟಿದ. ಲಾನ್ ಸಾಂಗ್ ಅಂದರೆ ಹತ್ತು ಲಕ್ಷ ಆನೆ. ಎಣಿಸಿದವರು ಯಾರೋ ಗೊತ್ತಿಲ್ಲ, ಹೆದರಿಸುವುದಕ್ಕಂತೂ ಒಳ್ಳೆಯ ಹೆಸರು. 1995ರಲ್ಲಿ ಇಡೀ ಹಳೇ ಊರು ಯುನೆಸ್ಕೋ ಪಟ್ಟಿಗೆ ಸೇರಿತು. ಒಂದು ಗುಡಿಯಲ್ಲ, ಒಂದು ಅರಮನೆಯಲ್ಲ, ಊರಿಗೆ ಊರೇ. ಹಳೇ ಮರದ ಮನೆಗಳು, ಫ್ರೆಂಚರ ಕಾಲದ ಹಳದಿ ಗೋಡೆಗಳು, ನಡುನಡುವೆ ಮಠಗಳು.

ಇಲ್ಲಿ ಗುಡಿ ಮತ್ತು ಮಠ ಸೇರಿದ ಆವರಣಕ್ಕೆ 'ವಾತ್' ಅನ್ನುತ್ತಾರೆ. ಊರಿನ ತುದಿಯಲ್ಲಿ, ಎರಡು ನದಿ ಕೂಡುವ ಕಡೆ ಇರುವುದು ವಾತ್ ಸಿಯೆಂಗ್ ಥೋಂಗ್. ನಿಮಗೆ ಒಂದೇ ಗುಡಿ ನೋಡಲು ಸಮಯ ಇದ್ದರೆ ಇದನ್ನೇ ನೋಡಿ. ಕಟ್ಟಿಸಿದ್ದು ಸೆತ್ಥಾಥಿರಾತ್ ರಾಜ, 1560ರ ಹೊತ್ತಿಗೆ. ಜೇಬಲ್ಲಿರುವ ಸೂತ್ರ ತೆಗೆಯಿರಿ: ಕೊನೆಯ 'ಥಿರಾತ್' ಯಾವುದು? ಅಧಿರಾಜ!

[ಸಿಯೆಂಗ್ ಥೋಂಗ್‌ನ ಮುಂಭಾಗ. ಕ್ಯಾಮೆರಾ ಮಾಡಿನ ತುದಿಯಿಂದ ಕೆಳಕ್ಕೆ ಇಳಿಯಲಿ.]

ಮಾಡು ನೋಡಿ. ಮೇಲಿನಿಂದ ಪದರ ಪದರವಾಗಿ ಜಾರಿ ಹೆಚ್ಚುಕಡಿಮೆ ನೆಲಕ್ಕೇ ಬರುತ್ತದೆ. ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಂಡು ಕೂತ ಕೋಳಿಯ ಹಾಗೆ. ಈ ಮುಖ್ಯ ಮಂಟಪದ ಹೆಸರು 'ಸಿಮ್'. ಅದು ನಮ್ಮ ಸೀಮೆ! ಊರ ಸೀಮೆ, ಹೊಲದ ಸೀಮೆ ಅನ್ನುತ್ತೇವಲ್ಲ, ಅದೇ. ಗುರುತು ಹಾಕಿ ಪವಿತ್ರ ಮಾಡಿದ ಗಡಿಯೊಳಗೆ ಮಾತ್ರ ಹೊಸ ಭಿಕ್ಷುವಿಗೆ ದೀಕ್ಷೆ ಕೊಡಬಹುದು. ಗಡಿಯ ಹೆಸರೇ ಕಟ್ಟಡಕ್ಕೆ ಉಳಿದುಕೊಂಡಿತು.

ಹಿಂಭಾಗಕ್ಕೆ ಬನ್ನಿ. ಕೆಂಪು ಗೋಡೆಯ ತುಂಬಾ ಒಂದು ಮರ, ಬಣ್ಣದ ಗಾಜಿನ ಚೂರುಗಳಲ್ಲಿ. ಈ ಜಾಗದಲ್ಲಿ ಹಿಂದೆ ಇತ್ತು ಅನ್ನುವ ಥೋಂಗ್ ಮರ ಇದು. ಊರಿನ ಹಳೇ ಹೆಸರಲ್ಲೂ ಇದೇ ಮರ. ನೋಡಿದರೆ ನಾಲ್ಕು ನೂರು ವರ್ಷ ಹಳೆಯದು ಅನ್ನಿಸುತ್ತದೆ, ಆದರೆ ಈ ಚಿತ್ರ ಮಾಡಿದ್ದು 1960ರ ಆಸುಪಾಸಿನಲ್ಲಿ. ನನಗೆ ಅದರಿಂದ ಬೇಸರವೇನೂ ಆಗಲಿಲ್ಲ. ಸಂಜೆ ನಾಲ್ಕರ ಮೇಲೆ ಓರೆ ಬಿಸಿಲು ಬಿದ್ದಾಗ ಒಂದೊಂದೇ ಚೂರು ಹೊತ್ತಿಕೊಳ್ಳುತ್ತದೆ. ನೀವು ಒಂದು ಹೆಜ್ಜೆ ಸರಿದರೆ ಆರಿ, ಪಕ್ಕದ ಚೂರು ಹೊತ್ತಿಕೊಳ್ಳುತ್ತದೆ. ಸುಮ್ನೆ ಹಿಂದೆ ಮುಂದೆ ಓಡಾಡುತ್ತಾ ನೋಡಬೇಕು.

[ಹತ್ತಿರದಿಂದ: ಹೊರಗೋಡೆಯಿಂದ ಚಾಚಿದ ಆನೆಯ ತಲೆ.]

ಮೂಲೆಯಲ್ಲಿ ಗೋಡೆಯಿಂದ ಹೊರಗೆ ಬಂದಿರುವ ಈ ಆನೆ ತಲೆಯನ್ನು ತುಂಬಾ ಜನ ಬರೀ ಅಲಂಕಾರ ಅಂದುಕೊಂಡು ಮುಂದೆ ಹೋಗುತ್ತಾರೆ. ಹೊಸ ವರ್ಷದ ದಿನ ಒಳಗೆ ಬುದ್ಧನಿಗೆ ಅಭಿಷೇಕ ಮಾಡಿದ ನೀರು ಇಲ್ಲಿಂದ ಹೊರಗೆ ಬರುತ್ತದೆ. ನಮ್ಮ ಗರ್ಭಗುಡಿಯ ಹೊರಗೆ ತೀರ್ಥ ಹಿಡಿಯಲು ಕೈಯೊಡ್ಡುತ್ತೇವಲ್ಲ, ಹಾಗೇ.

ಅವರ ಹೊಸ ವರ್ಷ ಯಾವಾಗ ಗೊತ್ತಾ? ಏಪ್ರಿಲ್ ಮಧ್ಯದಲ್ಲಿ. ತುಳುನಾಡಿನಲ್ಲಿ ಬಿಸು ಕಣಿ ಇಡುವ ಹೊತ್ತಿಗೇ. ಸೂರ್ಯ ಮೇಷಕ್ಕೆ ಕಾಲಿಡುವ ಲೆಕ್ಕ ಇಬ್ಬರಿಗೂ ಒಂದೇ. ಹಬ್ಬದ ಹೆಸರು 'ಪಿ ಮಾಯ್', ಹಬ್ಬದ ದಿನಕ್ಕೆ 'ಸಂಖಾನ್' ಅನ್ನುತ್ತಾರೆ. ಸಂಕ್ರಾಂತಿ. ಆ ದಿನಗಳಲ್ಲಿ ಫಾ ಬಾಂಗ್ ಎಂಬ ಬುದ್ಧನ ಮೂರ್ತಿಯನ್ನು ಅರಮನೆಯಿಂದ ವಾತ್ ಮಾಯ್‌ಗೆ ಮೆರವಣಿಗೆಯಲ್ಲಿ ತರುತ್ತಾರೆ. ಎತ್ತರ ಬರೀ 83 ಸೆಂಟಿಮೀಟರ್. ಎರಡೂ ಕೈ ಮುಂದಕ್ಕೆ ಎತ್ತಿ ನಿಂತ ಭಂಗಿ. ಊರಿಗೆ ಲುವಾಂಗ್ ಪ್ರಬಾಂಗ್ ಎಂಬ ಹೆಸರು ಬಂದಿದ್ದೇ ಈ ಮೂರ್ತಿಯಿಂದ. ಸಯಾಮಿನವರು, ಅಂದರೆ ಈಗಿನ ಥಾಯ್ಲೆಂಡಿನವರು, ಇದನ್ನು ಎರಡು ಸಲ ಹೊತ್ತುಕೊಂಡು ಹೋದರು, ಎರಡು ಸಲವೂ ವಾಪಸ್ ಕೊಟ್ಟರು.

ಮರೆಯುವ ಮೊದಲು ಇನ್ನೊಂದು. ಗುಡಿಯ ಬಾಗಿಲು, ಗೋಡೆಗಳ ಮೇಲೆ ಅಲ್ಲಲ್ಲಿ ರಾಮಾಯಣ ಸಿಗುತ್ತದೆ. ಲಾವೋಸ್‌ನ ರಾಮಾಯಣದ ಹೆಸರು 'ಫಾ ಲಾಕ್ ಫಾ ಲಾಮ್'. ಲಾಕ್ ಅಂದರೆ ಲಕ್ಷ್ಮಣ, ಲಾಮ್ ಅಂದರೆ ರಾಮ. ತಮ್ಮನ ಹೆಸರು ಮೊದಲು! ನಮ್ಮ ಕಡೆ ಯಾರಾದರೂ ಹೀಗೆ ಬರೆದರೆ ಮನೆಯ ಹಿರಿಯರು ತಿದ್ದಿಸುತ್ತಿದ್ದರು.

ವಾತ್ ವಿಸೂನ್ ಮುಂದೆ ಕಲ್ಲಂಗಡಿ ಹಣ್ಣನ್ನು ಅರ್ಧ ಕತ್ತರಿಸಿ ಬೋರಲು ಹಾಕಿದಂಥ ಸ್ತೂಪ ಇದೆ, ಜನರೂ ಅದಕ್ಕೆ ಕಲ್ಲಂಗಡಿ ಸ್ತೂಪ ಅಂತಲೇ ಅನ್ನುತ್ತಾರೆ. ಫೂಸಿ ಗುಡ್ಡದ ಮುನ್ನೂರು ಚಿಲ್ಲರೆ ಮೆಟ್ಟಿಲು ಹತ್ತಿದರೆ ಸೂರ್ಯಾಸ್ತ ಚೆನ್ನಾಗಿ ಕಾಣುತ್ತದೆ, ಸೂರ್ಯನಿಗಿಂತ ಮೊಬೈಲ್‌ಗಳು ಜಾಸ್ತಿ ಕಾಣುತ್ತವೆ.

[ಮತ್ತೆ ತಾಕ್ ಬಾತ್ ಸಾಲು, ಈ ಸಲ ರಸ್ತೆಯ ಆಚೆ ಬದಿಯಿಂದ.]

ಮೊಬೈಲ್ ಅಂದಾಗ ಹೇಳಿಬಿಡುತ್ತೇನೆ. ತಾಕ್ ಬಾತ್ ನೋಡಲು ಹೋದರೆ ರಸ್ತೆಯ ಆಚೆ ಬದಿ ನಿಲ್ಲಿ. ಫ್ಲ್ಯಾಶ್ ಬೇಡ. ಭಿಕ್ಷುಗಳ ಮುಖದ ಮುಂದೆ ಕ್ಯಾಮೆರಾ ಹಿಡಿಯಬೇಡಿ, ದಾರಿಗೆ ಅಡ್ಡ ಹೋಗಬೇಡಿ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಹೆಂಗಸರು ಭಿಕ್ಷುಗಳನ್ನು ಮುಟ್ಟುವ ಹಾಗಿಲ್ಲ. ಸುಮ್ಮನೆ ನಿಂತು ನೋಡುವುದೇ ಒಳ್ಳೆಯದು. ಸಾಲು ಮುಗಿಯುವ ಕಡೆ ಬುಟ್ಟಿ ಹಿಡಿದು ಕೂತ ಬಡ ಮಕ್ಕಳು ಕಂಡರೆ ಗಮನಿಸಿ: ಭಿಕ್ಷುಗಳು ತಮಗೆ ಸಿಕ್ಕಿದ್ದರಲ್ಲಿ ಸ್ವಲ್ಪ ತೆಗೆದು ಅವರ ಬುಟ್ಟಿಗೆ ಹಾಕುತ್ತಾರೆ.

[ರೈಲಿನ ಕಿಟಕಿ: ಸುರಂಗ, ಬೆಟ್ಟ, ಸುರಂಗ.]

2021ರ ಡಿಸೆಂಬರ್‌ನಲ್ಲಿ ಚೀನಾ ಗಡಿಯಿಂದ ರೈಲು ಶುರುವಾಯಿತು. ಮೊದಲು ಬೆಟ್ಟದ ದಾರಿಯಲ್ಲಿ ಬಸ್ಸಿನಲ್ಲಿ ಒಂದು ಹಗಲು ಹೋಗುತ್ತಿತ್ತು. ಈಗ ಲುವಾಂಗ್ ಪ್ರಬಾಂಗ್‌ನಿಂದ ಎರಡು ಗಂಟೆಯಲ್ಲಿ ರಾಜಧಾನಿ ವಿಯಂಟಿಯಾನ್.

ವಿಯಂಟಿಯಾನ್ ಅನ್ನುವುದು ಫ್ರೆಂಚರು ಬರೆದ ರೀತಿ. ಊರಿನವರ ಬಾಯಲ್ಲಿ 'ವಿಯಾಂಗ್ ಚನ್', ಅಂದರೆ ಗಂಧದ ಕೋಟೆ. ಚನ್ ಅಂದರೆ ಚಂದನ. ಚಂದ್ರ ಅನ್ನುವವರೂ ಇದ್ದಾರೆ, ಆದರೆ ಗಂಧದ ನಾಡಿನವರಾದ ನಾವು ಯಾವ ಪಕ್ಷ ಅಂತ ಹೇಳಬೇಕಾಗಿಲ್ಲ. ನಗರದ ಒಂದು ಭಾಗದ ಹೆಸರು ಇವತ್ತಿಗೂ 'ಚಂಥಬುಲಿ'. ಪುರಿ ಹೋಗಿ ಬುಲಿ ಆಗಿದೆ.

[ಥಾತ್ ಲುವಾಂಗ್, ಬೆಳಗಿನ ಬಿಸಿಲಲ್ಲಿ ಚಿನ್ನದ ಬಣ್ಣ.]

ಇದು ಥಾತ್ ಲುವಾಂಗ್, ಲಾವೋಸ್‌ನ ಗುರುತು. ನೋಟುಗಳ ಮೇಲೆ, ದೇಶದ ಲಾಂಛನದ ಮೇಲೆ ಇದೇ. 'ಥಾತ್' ಅಂದರೆ ಧಾತು. ಶಾಲೆಯಲ್ಲಿ ಕ್ರಿಯಾಪದದ ಮೂಲ ಅಂತ ಕಲಿತ ಧಾತುವೇ, ಬೌದ್ಧರಲ್ಲಿ ಅದಕ್ಕೆ ಬುದ್ಧನ ಅಸ್ಥಿ ಅಂತಲೂ ಅರ್ಥ. ಅಸ್ಥಿ ಇಟ್ಟ ಸ್ತೂಪಕ್ಕೂ ಅದೇ ಹೆಸರು. ಅಶೋಕನ ಕಾಲದಲ್ಲಿ ದೂತರು ಬುದ್ಧನ ಎದೆಯ ಮೂಳೆ ತಂದರು ಅನ್ನುವುದು ಸ್ಥಳದ ಐತಿಹ್ಯ. ಇತಿಹಾಸ ಹೇಳುವುದು ಇಷ್ಟು: ಸೆತ್ಥಾಥಿರಾತ್ ರಾಜಧಾನಿಯನ್ನು ಇಲ್ಲಿಗೆ ತಂದ, 1566ರಲ್ಲಿ ಇದನ್ನು ಕಟ್ಟಿಸಿದ. ಎರಡನೇ ಅಂತಸ್ತಿನಲ್ಲಿ ಸುತ್ತಲೂ 30 ಚಿಕ್ಕ ಸ್ತೂಪಗಳಿವೆ, ಬೌದ್ಧರು ಹೇಳುವ 30 ಪಾರಮಿಗಳ, ಅಂದರೆ ಪರಿಪೂರ್ಣ ಗುಣಗಳ ಲೆಕ್ಕಕ್ಕೆ.

ಆಮೇಲೆ 1828. ವಿಯಾಂಗ್ ಚನ್‌ನ ರಾಜ ಅನುವೊಂಗ್ ಸಯಾಮಿನ ವಿರುದ್ಧ ಎದ್ದು ಸೋತ. ಸಯಾಮಿನ ಸೈನ್ಯ ಊರನ್ನು ಸುಟ್ಟು ಜನರನ್ನು ಎಳೆದುಕೊಂಡು ಹೋಯಿತು. ಥಾತ್ ಲುವಾಂಗ್ ಪಾಳುಬಿತ್ತು. 1867ರಲ್ಲಿ ಮೆಕಾಂಗ್ ನದಿಯ ದಾರಿ ಹುಡುಕುತ್ತಾ ಬಂದ ಫ್ರೆಂಚ್ ತಂಡದಲ್ಲಿ ಲೂಯಿ ದೆಲಪೋರ್ತ್ ಎಂಬ ಚಿತ್ರಕಾರ ಇದ್ದ. ಅವನು ಬಿಡಿಸಿಕೊಂಡ ಚಿತ್ರ ಇಟ್ಟುಕೊಂಡೇ 1930ರ ದಶಕದಲ್ಲಿ ಈಗಿನ ಸ್ತೂಪ ಎದ್ದಿತು. ಒಂದು ನೋಟ್‌ಬುಕ್ಕಿನ ಹಾಳೆಯಿಂದ ಒಂದು ದೇಶದ ಲಾಂಛನ!

ಸುಡದೆ ಉಳಿದದ್ದು ವಾತ್ ಸಿಸಾಕೆತ್. ಕಟ್ಟಿಸಿದ್ದು ಅನುವೊಂಗ್ ರಾಜನೇ, 1818ರಲ್ಲಿ. ಸಯಾಮಿ ಶೈಲಿಯ ಗುಡಿ ಆಗಿದ್ದರಿಂದ ಬಿಟ್ಟರು ಅಂತ ಹೇಳುತ್ತಾರೆ.

[ವಾತ್ ಸಿಸಾಕೆತ್‌ನ ಪ್ರಾಕಾರ. ಗೋಡೆಯಲ್ಲಿ ಸಾಲು ಸಾಲು ಗೂಡುಗಳು. ಕ್ಯಾಮೆರಾ ಒಂದು ಗೂಡಿನ ಹತ್ತಿರ.]

ಪ್ರಾಕಾರದ ಗೋಡೆ ತುಂಬಾ ಗೂಡುಗಳು. ನಮ್ಮ ಹಳೇ ಮನೆಗಳಲ್ಲಿ ದೀಪ ಇಡುವ ಗೂಡು ಇರುತ್ತದಲ್ಲ, ಅಷ್ಟೇ ದೊಡ್ಡವು. ಒಂದೊಂದರಲ್ಲಿ ಎರಡೆರಡು ಪುಟ್ಟ ಬುದ್ಧರು. ಒಟ್ಟು ಮೂರ್ತಿಗಳು ಆರು ಸಾವಿರಕ್ಕೂ ಹೆಚ್ಚು. ಮುಂದೆ ದೊಡ್ಡ ಮೂರ್ತಿಗಳ ಸಾಲು, ಪಕ್ಕದಲ್ಲಿ ಯುದ್ಧದಲ್ಲಿ ಒಡೆದ ಬುದ್ಧರ ರಾಶಿ. ಕೈಯಿಲ್ಲದವು, ತಲೆಯಿಲ್ಲದವು. ಯಾರೂ ಜೋಡಿಸಲು ಹೋಗಿಲ್ಲ. ಅದು ಸರಿ ಅನ್ನಿಸಿತು ನನಗೆ.

ರಸ್ತೆಯ ಆಚೆ ಹೊ ಫಾ ಕೆವ್. ಪಚ್ಚೆ ಬುದ್ಧನಿಗೆಂದು ಕಟ್ಟಿದ್ದು. 1779ರಲ್ಲಿ ಆ ಮೂರ್ತಿಯನ್ನೂ ಸಯಾಮಿನವರು ಒಯ್ದರು. ಫಾ ಬಾಂಗ್ ಹಾಗೆ ಇದು ವಾಪಸ್ ಬರಲಿಲ್ಲ, ಈಗ ಬ್ಯಾಂಕಾಕ್‌ನಲ್ಲಿದೆ.

ಊರಿನ ದೊಡ್ಡ ಸ್ಮಾರಕ ಕಮಾನು ಪತುಸಾಯ್ ಬಗ್ಗೆ ಒಂದೇ ಮಾತು. 'ಸಾಯ್' ಅಂದರೆ ಜಯ, ಪತುಸಾಯ್ ಅಂದರೆ ವಿಜಯದ ಬಾಗಿಲು. ವಿಮಾನ ನಿಲ್ದಾಣಕ್ಕೆಂದು ಅಮೆರಿಕ ಕೊಟ್ಟ ಸಿಮೆಂಟಿನಲ್ಲಿ ಕಟ್ಟಿದರಂತೆ, ಅದಕ್ಕೇ ಜನ 'ನಿಂತ ರನ್‌ವೇ' ಅಂತ ತಮಾಷೆ ಮಾಡುತ್ತಾರೆ.

[ದಕ್ಷಿಣ, ಚಂಪಾಸಕ್. ಭತ್ತದ ಗದ್ದೆ, ಅಗಲವಾದ ಮೆಕಾಂಗ್, ಹಿಂದೆ ತುದಿಯಲ್ಲಿ ಗಂಟಿನಂಥ ಬಂಡೆ ಇರುವ ಬೆಟ್ಟ.]

ಇಲ್ಲಿಗೆ ಬರುವವರು ಕಡಿಮೆ. ಪಾಕ್ಸೆ ಊರಿಂದ ಸುಮಾರು 40 ಕಿಲೋಮೀಟರ್. ಬೆಟ್ಟದ ತುದಿ ನೋಡಿ. ಆ ಬಂಡೆಯನ್ನು ನೋಡಿಯೇ ಹಿಂದಿನವರು ಈ ಬೆಟ್ಟಕ್ಕೆ ಹೆಸರಿಟ್ಟರು: ಲಿಂಗಪರ್ವತ. ಇದಕ್ಕೆ ಸೂತ್ರವೂ ಬೇಡ, ಅರ್ಥವೂ ಬೇಡ.

ಬುಡದಲ್ಲಿರುವುದು ವಾತ್ ಫು. ಕಾಂಬೋಡಿಯಾದ ಅಂಗ್‌ಕೋರ್ ಕಟ್ಟಿದ ಖ್ಮೇರರ ಶಿವಾಲಯ. ಈಗ ನಿಂತಿರುವ ಕಟ್ಟಡಗಳಲ್ಲಿ ಹೆಚ್ಚಿನವು 11, 12ನೇ ಶತಮಾನದವು. ಜಾಗ ಅದಕ್ಕಿಂತ ತುಂಬಾ ಹಳೆಯದು. ನದಿ ದಡದಲ್ಲಿ ಸಿಕ್ಕ 5ನೇ ಶತಮಾನದ ಸಂಸ್ಕೃತ ಶಾಸನದಲ್ಲಿ ದೇವಾನೀಕ ಎಂಬ ರಾಜ ಇಲ್ಲೊಂದು ತೀರ್ಥ ಮಾಡಿಸಿ, ಅದಕ್ಕೆ 'ಕುರುಕ್ಷೇತ್ರ' ಅಂತ ಹೆಸರಿಟ್ಟದ್ದು ಇದೆ. ನಮ್ಮಲ್ಲಿ ಹಲ್ಮಿಡಿ ಶಾಸನ ಕೆತ್ತಿದ ಶತಮಾನ ಅದು. ಹಾಸನದ ಕಡೆ ಒಬ್ಬ ಕನ್ನಡದಲ್ಲಿ ಕಲ್ಲು ಕೆತ್ತುತ್ತಿದ್ದ ಕಾಲಕ್ಕೆ ಮೆಕಾಂಗ್ ದಡದಲ್ಲಿ ಇನ್ನೊಬ್ಬ ಕುರುಕ್ಷೇತ್ರ ಅಂತ ಕೆತ್ತುತ್ತಿದ್ದ. 2001ರಲ್ಲಿ ಇದೂ ಯುನೆಸ್ಕೋ ಪಟ್ಟಿಗೆ ಬಂತು. ಇಲ್ಲಿನ ದುರಸ್ತಿ ಕೆಲಸದಲ್ಲಿ ನಮ್ಮ ಭಾರತೀಯ ಪುರಾತತ್ವ ಇಲಾಖೆಯೂ ಕೈಜೋಡಿಸಿದೆ.

[ಮೆಟ್ಟಿಲು. ಎರಡೂ ಬದಿ ಗಂಟುಗಂಟಾದ ಮರಗಳು, ನೆಲದ ಮೇಲೆ ಬಿಳಿ ಹೂ.]

ಈ ಹೂವನ್ನು ಎಲ್ಲಿ ನೋಡಿದ್ದೀರಿ? ನಮ್ಮ ಎಷ್ಟೋ ಗುಡಿಗಳ ಅಂಗಳದಲ್ಲಿ ಇದೆ, ದೇವಕಣಗಿಲೆ. ಇಲ್ಲಿ ಇದು ರಾಷ್ಟ್ರೀಯ ಹೂವು, ಹೆಸರು 'ದೋಕ್ ಚಂಪಾ'. ಚಂಪಾ ಅನ್ನುವುದು ನಮ್ಮ ಸಂಪಿಗೆಯ ಪದ. ಹೂವು ಮಾತ್ರ ಸಂಪಿಗೆ ಅಲ್ಲ. ಈ ಗಿಡ ಅಮೆರಿಕ ಖಂಡದಿಂದ ಬಂದದ್ದು. ಭಾರತದಿಂದ ಹೋದ ಹೆಸರು, ಅಮೆರಿಕದಿಂದ ಬಂದ ಗಿಡ, ಎರಡೂ ಈ ಮೆಟ್ಟಿಲ ಮೇಲೆ ಭೇಟಿಯಾಗಿವೆ.

ಮೆಟ್ಟಿಲು ಕಡಿದಾಗಿವೆ, ಸವೆದು ಓರೆಯಾಗಿವೆ. ಬೆಳಗ್ಗೆ ಬೇಗ ಹತ್ತಿ. ಮೇಲೆ ಗರ್ಭಗುಡಿಯ ಬಾಗಿಲ ಮೇಲಿನ ಕಲ್ಲುಗಳಲ್ಲಿ ಐರಾವತದ ಮೇಲೆ ಕೂತ ಇಂದ್ರ ಇದ್ದಾನೆ. ಹಿಂದಿನ ಬಂಡೆಯಲ್ಲಿ ತ್ರಿಮೂರ್ತಿ. ಒಳಗೆ ಲಿಂಗ ಈಗಿಲ್ಲ, ಬುದ್ಧ ಕೂತಿದ್ದಾನೆ. ಮುಂದೆ ಊದುಕಡ್ಡಿ, ಬಾಳೆ ಎಲೆ ಸುತ್ತಿ ಚೆಂಡುಹೂ ಚುಚ್ಚಿದ ಗೋಪುರದಂಥ ಕಾಣಿಕೆ.

[ಗುಡಿಯ ಹಿಂದೆ, ಬಂಡೆಯ ಅಡಿ. ನೀರು ತೊಟ್ಟಿಕ್ಕುವ ಶಬ್ದ.]

ಜನ ಇನ್ನೂ ಮುಂದೆ, ಗುಡಿಯ ಹಿಂದಕ್ಕೆ ಹೋಗುತ್ತಿದ್ದಾರೆ. ಬಂಡೆಯಡಿ ಒಂದು ಊಟೆ ಇದೆ. ಆ ಕಾಲದಲ್ಲಿ ಈ ನೀರನ್ನು ಕಲ್ಲಿನ ಕಾಲುವೆಯಲ್ಲಿ ಗರ್ಭಗುಡಿಗೆ ತಂದು, ಲಿಂಗದ ಮೇಲೆ ಹಗಲೂ ರಾತ್ರಿ ಬೀಳುವಂತೆ ಮಾಡಿದ್ದರು. ಬೆಟ್ಟವೇ ಮಾಡುವ ಅಭಿಷೇಕ. ಈಗ ಕಾಲುವೆ ಒಡೆದಿದೆ, ನೀರು ಬರುವುದು ನಿಂತಿಲ್ಲ. ಬಂದವರು ಬೊಗಸೆಯೊಡ್ಡಿ ತಲೆಗೆ ಚಿಮುಕಿಸಿಕೊಳ್ಳುತ್ತಾರೆ, ಮನೆಗೆ ಅಂತ ಬಾಟಲಿ ತುಂಬಿಕೊಳ್ಳುತ್ತಾರೆ. ಒಬ್ಬ ತಾಯಿ ಮಗುವಿನ ಕೈ ನೀರಿಗೆ ಹಿಡಿದಿದ್ದಾಳೆ. ಮಗು ಕೂಗುತ್ತದೆ: 'ನಾಮ್! ನಾಮ್!'

[ನೀರಿನ ಶಬ್ದ. ತೆರೆ ಕಪ್ಪು.]