ಇತಿಹಾಸದ ಪದವಿ, ಕಡತದ ಕೆಲಸ

(ಬೆಂಗಳೂರಿನ ಪದವಿ ಕಾಲೇಜೊಂದರ ಇತಿಹಾಸ ಸಂಘದ ಉದ್ಘಾಟನೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಪ್ರಾಂಶುಪಾಲರೇ, ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ, ಹಿಂದಿನ ಸಾಲಿನಲ್ಲಿ ಕೂತಿರುವ ತಂದೆ ತಾಯಂದಿರೇ,

‘ಇತಿಹಾಸ ಅಧ್ಯಯನ ಮತ್ತು ಉದ್ಯೋಗಾವಕಾಶಗಳು’ ಎಂಬ ವಿಷಯ ಕೊಟ್ಟಿದ್ದೀರಿ. ಉದ್ಯೋಗಗಳ ಪಟ್ಟಿ ಓದಿ ಹೇಳುವುದು ಹತ್ತು ನಿಮಿಷದ ಕೆಲಸ. ಆದರೆ ಈ ಓದು ಕೈಗೆ ಯಾವ ಕಸುಬು ಕೊಡುತ್ತದೆ ಎಂದು ತಿಳಿಯದೆ ಆ ಪಟ್ಟಿ ಹಿಡಿದುಕೊಂಡು ಏನೂ ಆಗದು. ಹಾಗಾಗಿ ಮೊದಲು ಒಂದು ನಾಯಿಯ ವಿಷಯ ಹೇಳಿಬಿಡುತ್ತೇನೆ.

ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ನಿಮ್ಮಲ್ಲಿ ಎಷ್ಟು ಜನ ಹೋಗಿದ್ದೀರಿ? ಪಕ್ಕದ ಕಬ್ಬನ್ ಪಾರ್ಕಿಗೆ ಎಲ್ಲರೂ ಹೋಗಿರುತ್ತೀರಿ, ಗೊತ್ತು. ಆ ಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಕಲ್ಲೊಂದಿದೆ. ಸುಮಾರು ಕ್ರಿ.ಶ. 949-50ರದ್ದು. ನಡುವೆ ನಾಯಿಯೂ ಹಂದಿಯೂ ಕಾದಾಡುವ ಚಿತ್ರ, ಸುತ್ತ ಹಳಗನ್ನಡದ ಬರಹ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಯುದ್ಧ ಮಾಡಿದಾಗ ಗಂಗರ ಬೂತುಗ ಕೃಷ್ಣನ ಕಡೆ ನಿಂತು ಕಾದಿದ. ಬೂತುಗನ ಕೈಕೆಳಗೆ ಮಣಲೇರನೆಂಬ ವೀರನಿದ್ದ. ಅವನ ಶೌರ್ಯಕ್ಕೆ ಮೆಚ್ಚಿ ‘ಏನು ಬೇಕೋ ಕೇಳು’ ಎಂದರೆ, ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಆ ನಾಯಿ ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದ್ದಾರೆ.

ಕಥೆ ಚೆನ್ನಾಗಿದೆ. ಇತಿಹಾಸದ ವಿದ್ಯಾರ್ಥಿಯ ಕೆಲಸ ಶುರುವಾಗುವುದು ಇಲ್ಲಿಂದ. ರಾಜಾದಿತ್ಯ ಸತ್ತದ್ದು ಹೇಗೆ? ಬೂತುಗ ಕಠಾರಿಯಿಂದ ಇರಿದು ಕೊಂದ ಎನ್ನುತ್ತದೆ ಆತಕೂರಿನ ಕಲ್ಲು. ಚೋಳರ ಲೈಡನ್ ತಾಮ್ರಪಟದ ಪ್ರಕಾರ ಅವನು ಆನೆಯ ಮೇಲೆ ಕೂತಿದ್ದಾಗ ಶತ್ರುವಿನ ಬಾಣ ಎದೆಗೆ ನಾಟಿ ವೀರಸ್ವರ್ಗಕ್ಕೆ ಹೋದ. ಒಂದೇ ರಣ, ಒಂದೇ ಸಾವು, ಎರಡು ದಾಖಲೆ. ಕಲ್ಲನ್ನು ನಿಲ್ಲಿಸಿದವರು ಗೆದ್ದ ಕಡೆಯವರು, ಘಟನೆಯ ಹತ್ತಿರದಲ್ಲೇ ಬರೆಸಿದರು. ತಾಮ್ರಪಟ ಸೋತ ವಂಶದ್ದು, ಅರ್ಧ ಶತಮಾನ ಕಳೆದ ಮೇಲೆ, ಆ ವಂಶ ಮತ್ತೆ ತಲೆ ಎತ್ತಿ ನಿಂತಾಗ ಬರೆಸಿದ್ದು. ಇಬ್ಬರೂ ಒಪ್ಪುವ ಮಾತು ಯಾವುದು? ರಾಜಾದಿತ್ಯ ಯುದ್ಧದಲ್ಲಿ ಸತ್ತದ್ದು. ಅದು ಗಟ್ಟಿ ನೆಲ. ಉಳಿದದ್ದರಲ್ಲಿ ಯಾರು ಬರೆಸಿದರು, ಯಾರಿಗೆ ಕೇಳಲೆಂದು ಬರೆಸಿದರು, ಎಷ್ಟು ಕಾಲದ ಮೇಲೆ ಬರೆಸಿದರು ಎಂದು ಕೇಳುತ್ತಾ ಹೋಗಬೇಕು. ಮೂರು ವರ್ಷದ ಬಿಎ, ಆಮೇಲಿನ ಎರಡು ವರ್ಷದ ಎಂಎ ನಿಮಗೆ ಕೊಡಬೇಕಾದದ್ದು ಈ ಅಭ್ಯಾಸವನ್ನೇ.

ಕೊಡುತ್ತಿದೆಯೇ? ನಮ್ಮಲ್ಲಿ ಬಹುಪಾಲು ಕಡೆ ಇಲ್ಲ. ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತೆಗೆದುಕೊಂಡವನು ಆರು ಸೆಮಿಸ್ಟರ್ ಮುಗಿಸಿದರೂ ಒಂದು ಮೂಲ ದಾಖಲೆಯನ್ನು ಕೈಯಲ್ಲಿ ಹಿಡಿದಿರುವುದಿಲ್ಲ. ಗೈಡು, ಇಂಪಾರ್ಟೆಂಟ್ ಪ್ರಶ್ನೆ, ಹಿಂದಿನ ವರ್ಷದ ಪೇಪರು, ಇಷ್ಟರಲ್ಲೇ ಪದವಿ ಮುಗಿಯುತ್ತದೆ. ನಿಮ್ಮ ಮೇಷ್ಟರುಗಳ ಎದುರೇ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬಾರದು. ಸರ್ಕಾರದ ಹಳೆಯ ಕಡತಗಳನ್ನಿಟ್ಟಿರುವ ರಾಜ್ಯ ಪತ್ರಾಗಾರ ವಿಧಾನಸೌಧದ ನೆಲಮಹಡಿಯಲ್ಲಿದೆ. ನೃಪತುಂಗ ರಸ್ತೆಯಲ್ಲಿ 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಎಂಬ ಇತಿಹಾಸ ಸಂಶೋಧನಾ ಸಂಸ್ಥೆ ಇದೆ; ಬೆಂಗಳೂರು ಸುತ್ತಲಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುವ ಕೆಲಸವನ್ನೂ ಅಲ್ಲಿ ಕೈಗೆತ್ತಿಕೊಂಡಿದ್ದಾರೆ. ಎರಡಕ್ಕೂ ಮೆಟ್ರೋದಲ್ಲಿ ಹೋಗಿ ಬರಬಹುದು.

ಈಗ ಉದ್ಯೋಗ. ಎಲ್ಲರ ತಲೆಯಲ್ಲೂ ಮೊದಲು ಇರುವುದು ಮೇಷ್ಟರ ಕೆಲಸ. ಪದವಿ ಕಾಲೇಜಿಗೆ ಬೇಕಾದದ್ದು ಎಂಎಯಲ್ಲಿ ಶೇ. 55 ಅಂಕ, ಮೀಸಲಾತಿ ಇರುವವರಿಗೆ ಶೇ. 50, ಜೊತೆಗೆ ಅಧ್ಯಾಪಕರ ಅರ್ಹತಾ ಪರೀಕ್ಷೆಗಳಾದ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯಮಟ್ಟದ ಕೆ-ಸೆಟ್. ನೆಟ್‌ನಲ್ಲಿ ಎರಡು ಪತ್ರಿಕೆ ಸೇರಿ 150 ಪ್ರಶ್ನೆ, 300 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇತಿಹಾಸದ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿರುತ್ತದೆ; ಕೆ-ಸೆಟ್‌ನಲ್ಲಿ ಕನ್ನಡವೂ ಇರುತ್ತದೆ. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕಿ ಪಿಎಚ್‌ಡಿಗೆ ಸೇರಿದರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಇದೆಲ್ಲ ಪಾಸಾದ ಮೇಲೂ ಕಾಯಂ ಹುದ್ದೆಯ ಸಾಲು ಉದ್ದವಿದೆ. ಅತಿಥಿ ಉಪನ್ಯಾಸಕರಾಗಿ ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂದು ಕಾಯುತ್ತಾ ತಲೆಗೂದಲು ಹಣ್ಣಾದವರನ್ನು ನೀವೂ ನೋಡಿದ್ದೀರಿ. ಪಾಠ ಮಾಡುವುದು ನಿಜಕ್ಕೂ ಇಷ್ಟವಿದ್ದರೆ ಮಾತ್ರ ಈ ದಾರಿ. ಬಿ.ಎಡ್ ಮಾಡಿಕೊಂಡು ಹೈಸ್ಕೂಲು, ಪಿಯು ಕಡೆ ನೋಡುವುದರಲ್ಲಿ ಯಾವ ಕೀಳರಿಮೆಯೂ ಬೇಡ.

ಎರಡನೆಯದು ಐಎಎಸ್ ಕನಸು. ವಿಜಯನಗರ ಬಡಾವಣೆಯ ಕೋಚಿಂಗ್ ಸೆಂಟರ್‌ಗಳಲ್ಲಿ ವಿಜಯನಗರ ಸಾಮ್ರಾಜ್ಯವನ್ನು ಉರುಹೊಡೆಯುವವರ ಸಂಖ್ಯೆ ಹಂಪಿಗೆ ಹೋಗಿ ನೋಡಿದವರಿಗಿಂತ ಹೆಚ್ಚಿರಬಹುದು! ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ 1750 ಅಂಕಗಳಲ್ಲಿ ಐಚ್ಛಿಕ ವಿಷಯದ್ದು 500. ಇತಿಹಾಸ ತೆಗೆದುಕೊಳ್ಳಬಹುದು; ಸಾಮಾನ್ಯ ಅಧ್ಯಯನದ ಮೊದಲ ಪತ್ರಿಕೆಗೂ ನೆರವಾಗುತ್ತದೆ. ಉತ್ತರವನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಪಠ್ಯ ಬಹಳ ಉದ್ದ, ಸಿಂಧೂ ಕಣಿವೆಯಿಂದ ಎರಡನೇ ಮಹಾಯುದ್ಧದ ಆಚೆಗೂ ಹೋಗುತ್ತದೆ. ಎಷ್ಟು ವರ್ಷ ಕೊಡುತ್ತೀರಿ ಎಂದು ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ. ಇದರ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನಾನು ಇಲ್ಲಿಗೆ ಬಿಡುತ್ತೇನೆ.

ಯಾರೂ ಹೇಳದ ಕಡೆಗೆ ಬರೋಣ. ಈ ಊರಲ್ಲಿ ಇತಿಹಾಸ ಬಲ್ಲವರಿಗೆ ನಿಜವಾದ ಗಿರಾಕಿ ಇರುವುದು ಭೂಮಿಯ ಕಡತದಲ್ಲಿ. ಸೈಟು ಕೊಳ್ಳುವವರು ಲಾಯರ್ ಹತ್ತಿರ ಓಡುತ್ತಾರೆ. ಲಾಯರ್ ಕೇಳುವುದೇನು? ಮೂಲ ಪತ್ರ, ಕೈಬರಹದ ಪಹಣಿ, ಸರ್ವೆ ಅಳತೆಯ ಟಿಪ್ಪಣಿ, ವಿಸ್ತೀರ್ಣ ಕಂದಾಯಗಳ ಆಕಾರಬಂದು, ಗ್ರಾಮ ನಕಾಶೆ. ಇಂದು ಅಪಾರ್ಟ್‌ಮೆಂಟ್ ನಿಂತಿರುವ ನೆಲ ಒಂದು ಕಾಲಕ್ಕೆ ಇನಾಂ ಜಮೀನು, ಅಂದರೆ ದೊರೆಗಳು ಕೊಟ್ಟ ಉಂಬಳಿ ಆಗಿರಬಹುದು. 1954ರ ಇನಾಂ ರದ್ಧತಿ ಕಾಯ್ದೆ ಬಂದಾಗ ಅದು ಯಾರ ಹೆಸರಿಗೆ ಹೋಯಿತು, 1974ರ ಭೂಸುಧಾರಣೆಯಲ್ಲಿ ಗೇಣಿದಾರ ಅರ್ಜಿ ಹಾಕಿದ್ದನೇ, ಸಾಗುವಳಿಗೆ ಬಾರದ ಖರಾಬು ಎಂದು ಬಿಟ್ಟಿದ್ದ ತುಂಡು ರಾಜಕಾಲುವೆಯೇ? ಇದನ್ನೆಲ್ಲ ಓದಿ, ಒಂದು ಕಾಗದದ ಮಾತನ್ನು ಇನ್ನೊಂದರ ಎದುರು ಇಟ್ಟು, ಎಲ್ಲಿ ಯಾರು ತಿದ್ದಿದ್ದಾರೆ ಎಂದು ಹಿಡಿಯುವ ಕೆಲಸ ಆತಕೂರು ಕಲ್ಲನ್ನೂ ಲೈಡನ್ ತಾಮ್ರಪಟವನ್ನೂ ಎದುರುಬದುರು ಇಡುವ ಕೆಲಸವೇ. ಬಿಎ ಆದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಿದರೆ ನೀವೇ ಆ ಲಾಯರ್ ಆಗಬಹುದು. ನನ್ನನ್ನು ಕೇಳಿದರೆ ಇತಿಹಾಸ ಓದಿದವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಪದವಿ ಇಲ್ಲ.

ಕೆರೆಯ ವಿಷಯವೂ ಹೀಗೆಯೇ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯಂಗಳದಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಕಡೆ ಕಚೇರಿ, ಮನೆಗಳಿಗೆ ನೀರು ನುಗ್ಗಿ ಜನ ಟ್ರ್ಯಾಕ್ಟರ್ ಹತ್ತಿದಾಗ, ಕಾಲುವೆ ಎಲ್ಲಿ ಹರಿಯುತ್ತಿತ್ತು ಎಂದು ಎಲ್ಲರೂ ಹಳೆಯ ನಕಾಶೆಗಳನ್ನು ಹುಡುಕಿದರು. ನಕಾಶೆ ಓದಬಲ್ಲ ಇತಿಹಾಸದ ವಿದ್ಯಾರ್ಥಿ ಕಂಪ್ಯೂಟರಿನಲ್ಲಿ ನಕಾಶೆ ಮಾಡುವ ಜಿಐಎಸ್ ಎಂಬ ಸಾಫ್ಟ್‌ವೇರನ್ನೂ ಕಲಿತರೆ ನಗರ ಯೋಜನೆ, ಪರಿಸರ ಸಂಸ್ಥೆಗಳಲ್ಲಿ ಅವನಿಗೆ ಕೆಲಸವಿದೆ. ಅವನಿಗೆ ಅಂದೆ, ಅವಳಿಗೂ ಅಂತಲೇ.

ವಸ್ತುಸಂಗ್ರಹಾಲಯ, ಪುರಾತತ್ವ, ದಾಖಲೆ ಸಂರಕ್ಷಣೆ ಇವಕ್ಕೆ ಬಿಎ ಸಾಲದು, ಪ್ರತ್ಯೇಕ ತರಬೇತಿ ಬೇಕು. ಪುರಾತತ್ವಕ್ಕೆ ಭಾರತೀಯ ಪುರಾತತ್ವ ಸರ್ವೇಕ್ಷಣೆ ಗ್ರೇಟರ್ ನೊಯಿಡಾದಲ್ಲಿ ನಡೆಸುವ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಇದೆ, ಪುಣೆಯ ಡೆಕ್ಕನ್ ಕಾಲೇಜಿದೆ. ದಾಖಲೆಗಳ ನಿರ್ವಹಣೆಗೆ ದೆಹಲಿಯ ರಾಷ್ಟ್ರೀಯ ಪತ್ರಾಗಾರ ಒಂದು ವರ್ಷದ ಡಿಪ್ಲೊಮಾ ಕೊಡುತ್ತದೆ. ಸರ್ಕಾರಿ ಹುದ್ದೆ ಕಡಿಮೆ, ಒಪ್ಪುತ್ತೇನೆ. ಆದರೆ ನಮ್ಮೂರಲ್ಲೇ ಹೊಸ ಬಾಗಿಲುಗಳು ತೆರೆದಿವೆ. ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆ 2019ರಲ್ಲಿ ವಿಜ್ಞಾನದ ಇತಿಹಾಸಕ್ಕಾಗಿಯೇ ಸಾರ್ವಜನಿಕ ಪತ್ರಾಗಾರ ತೆರೆಯಿತು. 2023ರಲ್ಲಿ ಕಸ್ತೂರಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರಗಳ ಮ್ಯಾಪ್ ಸಂಗ್ರಹಾಲಯ ಬಂತು. ಟಾಟಾ, ಗೋದ್ರೆಜ್ ಕಂಪನಿಗಳು ಪುಣೆ, ಮುಂಬಯಿಗಳಲ್ಲಿ ತಮ್ಮದೇ ಪತ್ರಾಗಾರ ಇಟ್ಟುಕೊಂಡಿವೆ. ಕಾಗದವನ್ನು ವಿಂಗಡಿಸಿ, ಪಟ್ಟಿ ಮಾಡಿ, ಸ್ಕ್ಯಾನ್ ಮಾಡಿ, ಕೇಳಿದವರಿಗೆ ಹುಡುಕಿ ಕೊಡುವವರು ಇಲ್ಲೆಲ್ಲ ಬೇಕು. ಪಾರಂಪರಿಕ ನಡಿಗೆ, ಧಾರಾವಾಹಿಗಳಿಗೆ ಸಂಶೋಧನೆ ಇವೂ ಇವೆ, ಆದರೆ ಇವನ್ನೇ ನಂಬಿ ಮನೆ ಬಾಡಿಗೆ ಕಟ್ಟಲು ಧೈರ್ಯ ಬೇಕು.

ಇನ್ನು ನಾನು ಒತ್ತಿ ಹೇಳಬೇಕೆಂದು ಬಂದ ಮಾತು: ಲಿಪಿ ಕಲಿಯಿರಿ. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿದರು ಎಂದು ಓದುತ್ತೀರಿ. 1638ರಲ್ಲಿ ಬಿಜಾಪುರದವರು ಹಿಡಿದರು, ಶಹಾಜಿಗೆ ಜಹಗೀರಾಯಿತು. 1687ರಲ್ಲಿ ಮೊಘಲರು, ಆಮೇಲೆ ಮೈಸೂರಿನ ಒಡೆಯರು, ಹೈದರ್, ಟಿಪ್ಪು. 1791ರಲ್ಲಿ ಕಾರ್ನ್‌ವಾಲಿಸ್ ಕೋಟೆ ಹಿಡಿದ. 1831ರಿಂದ ಬ್ರಿಟಿಷ್ ಕಮಿಷನರ್‌ಗಳ ಆಡಳಿತ. ಆಳುವವರು ಬದಲಾದಂತೆ ಕಡತದ ಭಾಷೆಯೂ ಬದಲಾಯಿತು: ಕನ್ನಡ, ಮೋಡಿ ಲಿಪಿಯ ಮರಾಠಿ, ಪಾರಸಿ, ಇಂಗ್ಲಿಷ್. ಇಂಗ್ಲಿಷ್ ಒಂದನ್ನೇ ಬಲ್ಲವನಿಗೆ ಈ ಊರಿನ 1791ಕ್ಕಿಂತ ಹಿಂದಿನ ಕಥೆ ಪರರ ಅನುವಾದ. ಹಳಗನ್ನಡ ಶಾಸನ ಓದಬಲ್ಲ ಇಪ್ಪತ್ತೈದರ ಹುಡುಗಿ, ಮೋಡಿ ಬಿಡಿಸಬಲ್ಲ ಹುಡುಗ ಈಗ ಅಪರೂಪ. ಅಪರೂಪದ ವಿದ್ಯೆಗೆ ಬೆಲೆಯಿದೆ. ಶಾಸನಶಾಸ್ತ್ರದ ಡಿಪ್ಲೊಮಾವನ್ನು ಎಂಎ ಜೊತೆಗೆ ಮಾಡಬಹುದು. ಎಂಎವರೆಗೂ ಕಾಯಬೇಕೆಂದೇನೂ ಇಲ್ಲ.

ಹನ್ನೆರಡು ಸಂಪುಟಗಳ ‘ಎಪಿಗ್ರಾಫಿಯಾ ಕರ್ನಾಟಿಕಾ’ ತಂದ ಬಿ.ಎಲ್. ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು. ಕೆಲಸ ಶಿಕ್ಷಣ ಇಲಾಖೆಯದು. ಊರೂರು ಸುತ್ತುವಾಗ ಕಣ್ಣಿಗೆ ಬಿದ್ದ ಕಲ್ಲುಗಳ ಬೆನ್ನು ಹತ್ತಿದರು. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು, ಸುಮಾರು ಕ್ರಿ.ಶ. 750ರದ್ದು, ಬೆಳಕಿಗೆ ಬಂದದ್ದು 2018ರಲ್ಲಿ, ನೆಲ ಅಗೆಯುವಾಗ. ಅದು ಉಳಿದದ್ದರಲ್ಲಿ ಬೇರೆ ಉದ್ಯೋಗ ಮಾಡುತ್ತಲೇ ಶಾಸನದ ಹುಚ್ಚು ಹಿಡಿಸಿಕೊಂಡವರ ಪಾಲು ದೊಡ್ಡದು. ಅಂದರೆ ಸಂಬಳ ಒಂದು ಕಡೆ, ಇತಿಹಾಸ ಇನ್ನೊಂದು ಕಡೆ ಇಟ್ಟುಕೊಂಡೂ ಬದುಕಬಹುದು.

ತಂದೆ ತಾಯಂದಿರಿಗೆ ಒಂದು ಮಾತು. ನಿಮ್ಮ ಮಗಳ ಮೊದಲ ಸಂಬಳ ಪಕ್ಕದ ಮನೆಯ ಎಂಜಿನಿಯರ್ ಹುಡುಗನಿಗಿಂತ ಕಡಿಮೆಯೇ ಇರುತ್ತದೆ. ಅದನ್ನು ಮುಚ್ಚಿಟ್ಟು ಮಾತಾಡಲಾರೆ. ಎರಡನೇ ವರ್ಷದೊಳಗೆ ಅವಳು ಒಂದು ಲಿಪಿ, ಒಂದು ಸಾಫ್ಟ್‌ವೇರು, ಇಂಗ್ಲಿಷಿನಲ್ಲಿ ಎರಡು ಪುಟ ತಪ್ಪಿಲ್ಲದೆ ಬರೆಯುವುದು, ಇಷ್ಟನ್ನು ಹಿಡಿದಿದ್ದಾಳೆಯೇ ಎಂದು ಕೇಳಿ. ಮದುವೆ ಮಾತು ಆಮೇಲೆ.

ಈಗ ಪ್ರಶ್ನೆ ಕೇಳಿ. ಹಿಂದಿನ ಬೆಂಚಿನವರಿಂದಲೇ ಶುರುವಾಗಲಿ, ಮುಂದಿನವರು ಹೇಗೂ ಕೇಳುತ್ತಾರೆ.